ಲೆಕ್ಕಕ್ಕಿಲ್ಲದ ಪಂದ್ಯದ ಜಾಡಿನಲ್ಲಿ ನಾಲ್ಕು ದಿನ

ಮಗಳು ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಲು ಗ್ಲಾಸ್ಗೋಗೆ ಹೋಗಿ ಎಂಟು ತಿಂಗಳಾಗಿತ್ತು. ಒಂದು ರಾತ್ರಿ ಫೋನಿನಲ್ಲಿ, "ಅಪ್ಪಾ, ಇವತ್ತು ಕ್ಲಾಸಲ್ಲಿ ಒಂದು ಮರದ ಗ್ಯಾಲರಿ ಮುರಿದ ವಿಷಯ ಬಂತು. 1902ರದ್ದು, ಸ್ಕಾಟ್ಲೆಂಡ್–ಇಂಗ್ಲೆಂಡ್ ಫುಟ್‌ಬಾಲ್ ಮ್ಯಾಚು. ನಂಗೆ ಅಜ್ಜನ ನೆನಪಾಯ್ತು" ಅಂದಳು.

ನನ್ನಪ್ಪ ಸಾಗರದಲ್ಲಿ ಬಡಗಿಯಾಗಿದ್ದರು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಊರಿನಲ್ಲಿ ಒಂದು ಕಬಡ್ಡಿ ಟೂರ್ನಮೆಂಟ್ ನಡೆಯಿತು. ಅಡಿಕೆ ಮರದ ಕಂಬ, ಹಗ್ಗದ ಕಟ್ಟು, ಮೇಲೆ ಹಲಗೆ ಹಾಸಿದ ಗ್ಯಾಲರಿ. ನಾನು ಹತ್ತಲು ಹೊರಟಾಗ ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದರು. ಹಲಗೆಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ, "ಹಸಿ ಮರ, ಬ್ಯಾಡ. ನೆಲದ ಮೇಲೆ ನಿಂತ್ಕಂಡೇ ನೋಡು" ಅಂದರು. ನನಗೆ ಅಳುವೇ ಬಂದಿತ್ತು. ಫೈನಲ್ ನಡೆಯುವಾಗ ಗ್ಯಾಲರಿಯ ಒಂದು ಮಗ್ಗುಲು ಕಿರ್ರೆಂದು ಸದ್ದು ಮಾಡಿ ಕೂತೇಬಿಟ್ಟಿತು. ನನ್ನ ಕ್ಲಾಸಿನ ಹುಡುಗನೊಬ್ಬನ ಕೈ ಮುರಿಯಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಆ ರಾತ್ರಿ ಮಗಳು ಕಳಿಸಿದ್ದನ್ನೆಲ್ಲ ಕೂತು ಓದಿದೆ. 1902ರ ಏಪ್ರಿಲ್ 5, ಶನಿವಾರ. ಗ್ಲಾಸ್ಗೋದ ಇಬ್ರಾಕ್ಸ್ ಪಾರ್ಕ್. ನೆರೆಹೊರೆಯ ಎರಡು ದೇಶಗಳ ಹಳೆಯ ಜಿದ್ದು. ನೋಡಲು ಬಂದವರು 68,114 ಮಂದಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪಶ್ಚಿಮ ದಿಕ್ಕಿನ ಮರದ ಗ್ಯಾಲರಿ ಬಾಯ್ದೆರೆಯಿತು. 25 ಜನ ಸತ್ತರು, 500ಕ್ಕೂ ಹೆಚ್ಚು ಜನ ಗಾಯಗೊಂಡರು. ಪಂದ್ಯ ನಿಂತು, ಮತ್ತೆ ಶುರುವಾಗಿ, 1–1ರಲ್ಲಿ ಮುಗಿಯಿತು. ಆಮೇಲೆ ಅದನ್ನು ದಾಖಲೆಯಿಂದಲೇ ತೆಗೆದುಹಾಕಿದರು. ಇವತ್ತು ಯಾವ ಅಂಕಿಅಂಶದ ಪುಸ್ತಕದಲ್ಲೂ ಅದು ಅಧಿಕೃತ ಪಂದ್ಯವಲ್ಲ.

ನನ್ನ ಮನಸ್ಸಿನಲ್ಲಿ ಕೂತದ್ದು ಇದೇ. 25 ಜನ ಜೀವ ತೆತ್ತು ನೋಡಿದ ಆಟ ಲೆಕ್ಕಕ್ಕೇ ಇಲ್ಲ. ಮೇ ತಿಂಗಳಲ್ಲಿ ಮಗಳನ್ನು ನೋಡಲು ಹೋಗುವುದಿತ್ತು. ಈ ಪಂದ್ಯದ ಜಾಡು ಹಿಡಿದು ನಾಲ್ಕು ದಿನ ಓಡಾಡೋಣ ಎಂದೆ. ಅವಳು ಕೂಡಲೇ ಒಪ್ಪಿದಳು.

ಮೊದಲ ದಿನ: ಪಾರ್ಟಿಕ್

ವೀಸಾ, ವಿಮಾನದ ವಿಚಾರ ಬೇಡ. ಬೆಂಗಳೂರು ಬಿಟ್ಟು ದುಬೈ ಮೇಲೆ ಗ್ಲಾಸ್ಗೋದಲ್ಲಿ ಇಳಿದಾಗ ಹಗಲು ಹನ್ನೆರಡೂವರೆ. ಹೊರಗೆ ಜಿಟಿಜಿಟಿ. ನಮ್ಮ ಕಡೆ ಆಷಾಢದಲ್ಲಿ ಮೂರು ದಿನ ಹಿಡಿದ ಮಳೆ ಬಿಡದೆ ಹನಿಯುತ್ತದಲ್ಲ, ಹಾಗೆ. ಇಂಥ ಹವೆಗೆ ಇಲ್ಲಿಯವರು 'ಡ್ರೀಕ್' ಅನ್ನುತ್ತಾರಂತೆ. ಆ ಶಬ್ದದಲ್ಲೇ ತಂಡಿ ಇದೆ. ಮೇ ತಿಂಗಳು ಅಂತ ನಂಬಿ ತೆಳ್ಳಗಿನ ಬಟ್ಟೆ ತಂದಿದ್ದೆ. ಮೊದಲ ಸಂಜೆಯೇ ಮಗಳ ರೂಮ್‌ಮೇಟ್ ಕೊಟ್ಟ ದಪ್ಪ ಜಾಕೆಟ್ ಮೈಮೇಲೆ ಬಂತು. ಮಳೆ ತಡೆಯುವ ಜಾಕೆಟ್ ಒಂದಿದ್ದರೆ ಈ ಊರಿನಲ್ಲಿ ಕೊಡೆ ಬೇಕಿಲ್ಲ. ಗಾಳಿಗೆ ಕೊಡೆ ನಿಲ್ಲುವುದೂ ಇಲ್ಲ.

ಸಾಮಾನು ಇಟ್ಟು, ಬ್ಯುಕ್ಯಾನನ್ ಸ್ಟ್ರೀಟ್‌ನಲ್ಲಿ ಸಬ್‌ವೇ ಹತ್ತಿದೆವು. 1896ರಲ್ಲಿ ಶುರುವಾದ ನೆಲದಡಿಯ ರೈಲು ಇದು. ಒಂದೇ ವೃತ್ತ, ಹದಿನೈದು ನಿಲ್ದಾಣ. ಮಾತಿನ ಭರದಲ್ಲಿ ಉಲ್ಟಾ ದಿಕ್ಕಿನದಕ್ಕೆ ಹತ್ತಿಬಿಟ್ಟೆವು. ವೃತ್ತವಾದ್ದರಿಂದ ಹೇಗೆ ಹೋದರೂ ಊರು ಬರುತ್ತದೆ, ಪೂರಾ ಸುತ್ತಿದರೂ ಇಪ್ಪತ್ತನಾಲ್ಕೇ ನಿಮಿಷ. ಬೋಗಿ ಎಷ್ಟು ಚಿಕ್ಕದೆಂದರೆ ಎದುರು ಕೂತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುವಷ್ಟು. ತಪ್ಪು ದಿಕ್ಕಿನಲ್ಲಿ ಬಂದದ್ದರಿಂದ 'ಇಬ್ರಾಕ್ಸ್' ಎಂಬ ಫಲಕ ಕಿಟಕಿಯಲ್ಲಿ ಹಾದುಹೋಯಿತು. 1902ರಲ್ಲಿ ಈ ನಿಲ್ದಾಣದ ಹೆಸರು ಕೋಪ್‌ಲ್ಯಾಂಡ್ ರೋಡ್. ಆಗ ಕರೆಂಟಿನ ರೈಲಲ್ಲ, ಉದ್ದದ ಉಕ್ಕಿನ ಹಗ್ಗ ಎಳೆಯುತ್ತಿದ್ದ ಬೋಗಿಗಳು. ಆ ಶನಿವಾರ ಇದೇ ಸುರಂಗದಲ್ಲಿ ನೂಕುನುಗ್ಗಲಿನಲ್ಲಿ ನಿಂತು ಎಷ್ಟು ಜನ ಬಂದಿರಬಹುದು ಎಂದು ಯೋಚಿಸಿ ಇಳಿಯುವುದನ್ನೇ ಮರೆಯುತ್ತಿದ್ದೆ.

ಪಾರ್ಟಿಕ್‌ನಲ್ಲಿ ಇಳಿದು ಏಳೆಂಟು ನಿಮಿಷ ನಡೆದರೆ ವೆಸ್ಟ್ ಆಫ್ ಸ್ಕಾಟ್ಲೆಂಡ್ ಕ್ರಿಕೆಟ್ ಕ್ಲಬ್ಬಿನ ಹ್ಯಾಮಿಲ್ಟನ್ ಕ್ರೆಸೆಂಟ್ ಮೈದಾನ. ಸುತ್ತ ಕೆಂಪು, ಹಳದಿ ಮರಳುಗಲ್ಲಿನ ನಾಲ್ಕು ಮಹಡಿಯ ಮನೆಗಳು, ನಡುವೆ ಹಸಿರು. ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆದದ್ದು ಈ ಕ್ರಿಕೆಟ್ ಮೈದಾನದಲ್ಲಿ. 1872ರ ನವೆಂಬರ್ 30. ಸ್ಕಾಟ್ಲೆಂಡ್ ತಂಡದ ಹನ್ನೊಂದೂ ಜನ ಕ್ವೀನ್ಸ್ ಪಾರ್ಕ್ ಎಂಬ ಒಂದೇ ಕ್ಲಬ್ಬಿನವರು. ಗೋಲುಕಂಬದ ಮೇಲೆ ಅಡ್ಡಪಟ್ಟಿಯ ಬದಲು ಒಂದು ಟೇಪು ಕಟ್ಟಿದ್ದರು. ಸುಮಾರು 4,000 ಜನ ಸೇರಿದ್ದರು. ಫಲಿತಾಂಶ 0–0.

ಮಳೆ ನಿಂತು, ನೆಟ್ಸ್‌ನಲ್ಲಿ ಹುಡುಗರು ಪ್ರಾಕ್ಟೀಸ್ ಮಾಡುತ್ತಿದ್ದರು. ಬೇಲಿ ಪಕ್ಕ ನಿಂತಿದ್ದ ನಮ್ಮನ್ನು ನೋಡಿ ಹಿರಿಯರೊಬ್ಬರು ಹತ್ತಿರ ಬಂದರು. ಭಾರತದವರೆಂದ ಕೂಡಲೇ ಕ್ರಿಕೆಟ್ ನೋಡಲು ಬಂದವರೆಂದುಕೊಂಡರು. ಫುಟ್‌ಬಾಲ್ ಅಂದಾಗ ಅವರ ಮುಖ ಅರಳಿತು. ಇಲ್ಲಿನ ಫಲಕದವರೆಗೂ ಕರೆದೊಯ್ದು, ಟೇಪಿನ ಗೋಲು ಎಲ್ಲಿದ್ದಿರಬಹುದು ಅನ್ನುವುದನ್ನು ತಮ್ಮ ಊಹೆಯಲ್ಲಿ ಕೈಯಾಡಿಸಿ ತೋರಿಸಿದರು. 1902ರ ಬಗ್ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಳೆಯ ಆಚೆ ದಡದ್ದು ಅದು. ನಾಳೆ ಸೇತುವೆ ದಾಟಿ ನಡೆದೇ ಹೋಗಿ. ಆಗ ಈ ಕಡೆಯಿಂದ ಜನ ಹೇಗೆ ಹೋದರು ಅಂತ ಗೊತ್ತಾಗ್ತದೆ" ಅಂದರು. ಅವರ ಮಾತಿನಲ್ಲಿ ಅರ್ಧ ನನಗೆ ಹತ್ತಲಿಲ್ಲ, ಮಗಳೇ ಬಿಡಿಸಿ ಹೇಳಿದಳು. ಗ್ಲಾಸ್ಗೋದವರ ಇಂಗ್ಲಿಷ್ ಕಿವಿಗೆ ಹತ್ತಲು ಎರಡು ದಿನ ಬೇಕು. ಇನ್ನೊಮ್ಮೆ ಹೇಳಿ ಎಂದರೆ ಬೇಸರವಿಲ್ಲದೆ ಹೇಳುತ್ತಾರೆ.

ರಾತ್ರಿ ಊಟಕ್ಕೆ ಪಕೋಡ. ನಗಬೇಡಿ, ಇದು ಈ ಊರಿನ ಸ್ವಂತ ತಿಂಡಿಯೇ ಆಗಿದೆ. ಪಕ್ಕದಲ್ಲಿ ಗುಲಾಬಿ ಬಣ್ಣದ ಹುಳಿಸಿಹಿ ಸಾಸ್. ಈರುಳ್ಳಿ ಪಕೋಡ ಬಿಸಿಯಾಗಿ ಬಂದಾಗ ಹೊರಗೆ ಒಂಬತ್ತೂವರೆ ಗಂಟೆ, ಆಕಾಶದಲ್ಲಿ ಇನ್ನೂ ಬೆಳಕು.

ಎರಡನೆಯ ದಿನ: ಗೋವನ್, ಇಬ್ರಾಕ್ಸ್

ಬೆಳಿಗ್ಗೆ ಆಲೂಗಡ್ಡೆ ಬೆರೆಸಿ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸಿದ ಟ್ಯಾಟಿ ಸ್ಕೋನನ್ನು ಬನ್ನಿನೊಳಗಿಟ್ಟು ಕೊಟ್ಟರು. ನಮ್ಮ ಆಲೂ ರೊಟ್ಟಿಯ ತಮ್ಮ ಅನ್ನಬಹುದು. ತಿಂದು ಹೊರಟೆವು.

ಹಿರಿಯರು ಹೇಳಿದ ಸೇತುವೆ 2024ರ ಸೆಪ್ಟೆಂಬರಿನಲ್ಲಿ ತೆರೆದದ್ದು. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ. ಪಾರ್ಟಿಕ್ ದಡದ ರಿವರ್‌ಸೈಡ್ ಮ್ಯೂಸಿಯಂ ಪಕ್ಕದಿಂದ ಕ್ಲೈಡ್ ನದಿ ದಾಟಿ ಗೋವನ್‌ಗೆ ಇಳಿಯುತ್ತದೆ. ನದಿ ನಮ್ಮ ಶರಾವತಿಯಷ್ಟು ಅಗಲವಿಲ್ಲ, ನೀರು ಕಡು ಬೂದು. ಒಂದು ಕಾಲಕ್ಕೆ ಈ ಎರಡೂ ದಂಡೆಗಳಲ್ಲಿ ಹಡಗು ಕಟ್ಟುತ್ತಿದ್ದರು. ಗೋವನ್ ಆಗ ಗ್ಲಾಸ್ಗೋಗೆ ಸೇರಿರಲಿಲ್ಲ, 1912ರವರೆಗೂ ಅದು ಬೇರೆಯೇ ಪಟ್ಟಣ. ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟ ಕಾರ್ಖಾನೆಯವರು, ಹಡಗುಕಟ್ಟೆಯವರು ನೇರ ಮೈದಾನಕ್ಕೆ ಹೋಗುವುದು ಇಲ್ಲಿನ ವಾರದ ನಿಯಮವಾಗಿತ್ತು.

ಗೋವನ್ ಓಲ್ಡ್ ಚರ್ಚಿನೊಳಗೆ ಸಾವಿರ ವರ್ಷದ ಹಿಂದಿನ ಐದು ಸಮಾಧಿಗಲ್ಲುಗಳಿವೆ, ಮನೆಯ ಸೂರಿನ ಆಕಾರದವು, ಮೇಲೆ ಹೆಂಚು ಜೋಡಿಸಿದಂತೆ ಕೆತ್ತನೆ. ಇಲ್ಲಿಗೆ ಬಂದವರು ಬಿಡಬಾರದು. ಆದರೆ ಚರ್ಚಿನ ಹುಲ್ಲಿನ ದಾರಿಯಲ್ಲಿ ನೀರು ನಿಂತಿತ್ತು. ಅಲ್ಲಿಂದ ಹೊರಬರುವಷ್ಟರಲ್ಲಿ ನನ್ನ ಎಡಗಾಲಿನ ಬೂಟಿನ ಅಟ್ಟೆ ಮುಂದಿನಿಂದ ಬಿಟ್ಟುಕೊಂಡು ಲೊಟಪಟ ಬಡಿಯತೊಡಗಿತು. ಕಾಲುಚೀಲ ಪೂರಾ ಒದ್ದೆ.

ಹತ್ತಿರದ ಒಂದು ಸಣ್ಣ ಟೀ ಅಂಗಡಿಗೆ ಹೋಗಿ ಕೂತೆವು. ನಡುವಯಸ್ಸಿನ ಹೆಂಗಸೊಬ್ಬರೇ ಎಲ್ಲ ನೋಡಿಕೊಳ್ಳುತ್ತಿದ್ದರು. ನನ್ನ ಕಾಲು ನೋಡಿದವರೇ ಒಳಗಿಂದ ಪಾರ್ಸೆಲಿಗೆ ಹಚ್ಚುವ ಅಗಲದ ಟೇಪು ತಂದರು. ನಾನು ಬೇಡವೆಂದರೂ ಕೇಳದೆ ನೆಲಕ್ಕೆ ಕೂತು ಬೂಟಿಗೆ ನಾಲ್ಕು ಸುತ್ತು ಸುತ್ತಿದರು. ಕಾಲಿಗೆ ಒಣ ಪ್ಲಾಸ್ಟಿಕ್ ಚೀಲ ಹಾಕಿಸಿ ಅದರ ಮೇಲೆ ಬೂಟು ತೊಡಿಸಿದರು. ಎಲ್ಲಿಗೆ ಹೊರಟಿರಿ ಎಂದರು. ಇಬ್ರಾಕ್ಸ್ ಎಂದೆವು. ಟೇಪು ಹಲ್ಲಿನಿಂದ ಕಡಿಯುತ್ತಿದ್ದವರು ಹಾಗೇ ನಿಂತರು.

"ನಮ್ಮಪ್ಪ 1971ರಲ್ಲಿ ಅಲ್ಲಿಂದ ಒಂದೇ ಬೂಟಿನಲ್ಲಿ ಮನೆಗೆ ಬಂದ" ಅಂದರು. "ನಾನಾಗ ನಾಲ್ಕು ವರ್ಷದವಳು. ಅಮ್ಮ ಬಾಗಿಲಲ್ಲೇ ಅವನ ಬರಿಗಾಲು ಹಿಡ್ಕೊಂಡು ಅತ್ತದ್ದು ಮಾತ್ರ ನೆನಪಿದೆ."

1971ರ ಜನವರಿ 2ರಂದು, ಗ್ಲಾಸ್ಗೋದ ಎರಡು ಎದುರಾಳಿ ಕ್ಲಬ್ಬುಗಳಾದ ರೇಂಜರ್ಸ್–ಸೆಲ್ಟಿಕ್ ಪಂದ್ಯ ಮುಗಿದು ಜನ ಹೊರಡುವಾಗ, ಹದಿಮೂರನೆಯ ಮೆಟ್ಟಿಲುಸಾಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಸತ್ತರು. ಅದೇ ಇಬ್ರಾಕ್ಸ್, ರೇಂಜರ್ಸ್ ತಂಡದ ಮೈದಾನ. 1902ರದ್ದು ನಿಮ್ಮ ಮನೆಯಲ್ಲಿ ಮಾತಾಡುತ್ತಾರಾ ಎಂದು ಕೇಳಿದೆ. ಆಕೆ ತಲೆಯಾಡಿಸಿದರು. "ಅದನ್ನ ನೋಡಿದವರು ಯಾರೂ ಉಳಿದಿಲ್ಲವಲ್ಲ. ನಮ್ಮ ದುಃಖಕ್ಕೆ ಫೋಟೋ ಇದೆ, ಅವರದ್ದಕ್ಕೆ ಏನಿದೆ?" ಟೀ ಹಣ ತಗೊಂಡರು, ಟೇಪಿನ ಹಣ ಮುಟ್ಟಲಿಲ್ಲ.

ಅಲ್ಲಿಂದ ನಡೆದೇ ಹೋದೆವು. ಆ ದಿನ ಮೈದಾನದೊಳಗೆ ಟೂರ್ ಇರಲಿಲ್ಲ. ಹೊರಡುವ ಮೊದಲು ನಾವೇ ನೋಡಿಕೊಳ್ಳಬೇಕಿತ್ತು. ಪಂದ್ಯವಿರುವ ದಿನ ಬಿಡುವುದಿಲ್ಲ, ಉಳಿದ ದಿನಗಳಲ್ಲೂ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು. ಹೊರಗಿನಿಂದ ಸುತ್ತು ಹಾಕಿದರೂ ನೋಡಲು ಬಹಳ ಇದೆ. ದಕ್ಷಿಣಕ್ಕೆ ಎಡ್ಮಿಸ್ಟನ್ ಡ್ರೈವ್‌ಗೆ ಮುಖ ಮಾಡಿ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ, 1929ರ ಮೇನ್ ಸ್ಟ್ಯಾಂಡ್. ಹಳೆಯ ಕಾಲೇಜಿನಂತೆ ಗಂಭೀರ. ಇದನ್ನು ಕಟ್ಟಿಸಿದ ವಿನ್ಯಾಸಗಾರ ಆರ್ಚಿಬಾಲ್ಡ್ ಲೀಚ್. 1902ರಲ್ಲಿ ಮುರಿದ ಗ್ಯಾಲರಿಯ ವಿನ್ಯಾಸವೂ ಅವನದೇ.

ಕೋಪ್‌ಲ್ಯಾಂಡ್ ರೋಡಿನ ಮೂಲೆಯಲ್ಲಿ ಸ್ಮಾರಕ. 1971ರಲ್ಲಿ ರೇಂಜರ್ಸ್ ನಾಯಕನಾಗಿದ್ದ ಜಾನ್ ಗ್ರೇಗ್‌ನ ಪ್ರತಿಮೆ, ಕೆಳಗೆ ಸತ್ತವರ ಹೆಸರುಗಳು. ಯಾರೋ ಆ ಬೆಳಿಗ್ಗೆಯೇ ಒಂದು ನೀಲಿ ಸ್ಕಾರ್ಫ್ ಕಟ್ಟಿ ಹೋಗಿದ್ದರು. ಮಳೆನೀರು ಅದರ ಕುಚ್ಚಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ಟೇಪು ಸುತ್ತಿದ ಬೂಟಿನಲ್ಲಿ ಅಲ್ಲಿ ನಿಂತು, ಒಂದೇ ಬೂಟಿನಲ್ಲಿ ಮನೆಗೆ ಬಂದ ಆ ಅಪ್ಪನನ್ನು ನೆನೆದೆ. ಕೈಮುಗಿದೆ.

ನಾನು ಹುಡುಕಿ ಬಂದದ್ದು ಮಾತ್ರ ಎದುರಿನ ದಿಕ್ಕು. ಪೂರ್ಣ ಸುತ್ತಿ ಪಶ್ಚಿಮಕ್ಕೆ, ಬ್ರೂಮ್‌ಲೋನ್ ರೋಡಿನ ಕಡೆಗೆ ಬಂದೆವು. ಈಗ ಅಲ್ಲಿ ಕಾಂಕ್ರೀಟು, ಉಕ್ಕಿನ ದೊಡ್ಡ ಸ್ಟ್ಯಾಂಡ್. ಗೇಟುಗಳು ಮುಚ್ಚಿದ್ದವು. ಒಂದು ಕಾಗೆ ಗೋಡೆಯ ಮೇಲೆ ಕೂತಿತ್ತು. ಇದೇ ಜಾಗ.

ನನ್ನ ಮಗಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಗೋಡೆಗೆ ಒತ್ತಿ ಹಿಡಿದು ಚಿತ್ರ ಬರೆದಳು. ಕಬ್ಬಿಣದ ಚೌಕಟ್ಟು. ಅದರ ಮೇಲೆ ಮರದ ಜಂತೆ. ಜಂತೆಯ ಮೇಲೆ ಮೆಟ್ಟಿಲಾಗಿ ಹಲಗೆ. ಹಿಂದಿನ ಸಾಲಿನಲ್ಲಿ ನಿಂತವನ ಕಾಲಡಿಯಿಂದ ನೆಲಕ್ಕೆ 40 ಅಡಿ, ನಡುವೆ ಖಾಲಿ. ಮೈದಾನ 1899ರ ಡಿಸೆಂಬರ್ ಕೊನೆಗೆ ತೆರೆದದ್ದು, ಇನ್ನೂ ಹೊಸದು. ಇಂಗ್ಲೆಂಡ್ ಎದುರಿನ ಪಂದ್ಯಕ್ಕೆ ಭಾರಿ ಜನ, ಭಾರಿ ಹಣ. 1894ರಿಂದ ಆ ಪಂದ್ಯ ಗ್ಲಾಸ್ಗೋಗೆ ಬಂದಾಗಲೆಲ್ಲ ಸೆಲ್ಟಿಕ್ ಪಾರ್ಕಿನ ಪಾಲಾಗುತ್ತಿತ್ತು. 1900ರಲ್ಲಿ ಅಲ್ಲಿ ಸ್ಕಾಟ್ಲೆಂಡ್ 4–1ರಿಂದ ಗೆದ್ದಿತ್ತು. ಈ ಸಲ ಇಬ್ರಾಕ್ಸ್‌ಗೆ ಸಿಕ್ಕಿತ್ತು. ಹಿಂದಿನ ರಾತ್ರಿ ಜೋರು ಮಳೆ.

"ಅಪ್ಪಾ, ಜನ ಸುಮ್ಮನೆ ನಿಂತಿರೋ ಭಾರ ಬೇರೆ, ಒಟ್ಟಿಗೇ ತೂಗಾಡೋ ಭಾರ ಬೇರೆ. ಆಗ ಇದನ್ನ ಲೆಕ್ಕ ಹಾಕೋದು ಇನ್ನೂ ಪೂರ್ತಿ ಗೊತ್ತಿರಲಿಲ್ಲ" ಅಂದಳು.

ಮೈದಾನದ ಅಂಚಿನಲ್ಲಿ ಸ್ಕಾಟ್ಲೆಂಡಿನ ಬಾಬಿ ಟೆಂಪಲ್ಟನ್ ಚೆಂಡು ಹಿಡಿದು ಓಡಿದಾಗ ಅವನನ್ನು ನೋಡಲು ಗುಂಪು ಒಟ್ಟಿಗೇ ಬಾಗಿತು, ಆಗಲೇ ಮುರಿಯಿತು ಎಂದು ಹೇಳುವವರಿದ್ದಾರೆ. ಒಂದು ಜಂತೆ ಹೋಯಿತು, ಪಕ್ಕದ್ದು ಹೋಯಿತು, ಹಲಗೆಗಳು ಬಾಯಿಬಿಟ್ಟವು. ಸುಮಾರು 20 ಮೀಟರು ಉದ್ದದ ಕಂಡಿ. ನೂರಾರು ಜನ ಆ ಕಂಡಿಯಿಂದ ನೇರ ಕೆಳಗೆ. ಮುಂದಿನ ಸಾಲಿನವರು ಮೈದಾನಕ್ಕೆ ನುಗ್ಗಿದರು, ಆಟ ನಿಂತಿತು. ಮುರಿದ ಹಲಗೆಗಳನ್ನೇ ಸ್ಟ್ರೆಚರ್ ಮಾಡಿಕೊಂಡು, ಮರದ ಚೂರುಗಳನ್ನು ಮುರಿದ ಕೈಕಾಲಿಗೆ ಪಟ್ಟಿಯಾಗಿ ಕಟ್ಟಿ ಗಾಯಾಳುಗಳನ್ನು ಹೊತ್ತರು.

ಇಲ್ಲಿ ನಾನು ಬಹಳ ಹೊತ್ತು ನಿಂತೆ. ಅಪ್ಪನ ಹತ್ತಿರ ಉಳಿ, ಕೀಸುಳಿ ಹಿಡಿದು ಕೆಲಸ ಕಲಿತವನು ನಾನು, ಎರಡು ರಜೆಯ ಮಟ್ಟಿಗಾದರೂ. ಹಲಗೆ ಮುರಿದಾಗ ಅದರ ಬಾಯಿ ಹೇಗಿರುತ್ತದೆ ಅಂತ ಗೊತ್ತು. ಒಣಗಿ ಹದ ಬಂದ ಮರ ನಾರುನಾರಾಗಿ ಸೀಳುತ್ತದೆ, ಮುರಿಯುವ ಮೊದಲು ಸದ್ದು ಮಾಡಿ ಎಚ್ಚರಿಸುತ್ತದೆ. ಗಂಟು ಇರುವ ಮರ ಆ ಗಂಟಿನಲ್ಲೇ ಪಟಕ್ಕನೆ ಬಿಡುತ್ತದೆ, ಎಚ್ಚರಿಕೆ ಕೊಡುವುದಿಲ್ಲ. 68,000 ಜನರ ಕೂಗಿನ ನಡುವೆ ಮರ ಸದ್ದು ಮಾಡಿದ್ದರೂ ಯಾರಿಗೆ ಕೇಳಿಸಬೇಕು?

ಆಮೇಲೆ ಕೋರ್ಟಿನಲ್ಲಿ ನಡೆದದ್ದೂ ಮರದ ಜಾತಿಯ ವಾದವೇ. ಮರ ಒದಗಿಸಿ ಕೆಲಸ ಮಾಡಿದ ಗುತ್ತಿಗೆದಾರ ಅಲೆಕ್ಸಾಂಡರ್ ಮೆಕ್‌ಡೂಗಲ್ ಮೇಲೆ ಮೊಕದ್ದಮೆ ಹೂಡಿದರು. ಕೆಂಪು ಪೈನ್ ಹಾಕಬೇಕಾದಲ್ಲಿ ಕಡಿಮೆ ದರ್ಜೆಯ ಹಳದಿ ಪೈನ್ ಹಾಕಿದ ಅನ್ನುವುದು ಆರೋಪ. ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಅಲ್ಲಿಗೆ ಆ 25 ಸಾವುಗಳಿಗೆ ಕಾನೂನಿನ ಕಣ್ಣಿನಲ್ಲಿ ಯಾರೂ ಹೊಣೆಯಾಗಲಿಲ್ಲ.

ಪಂದ್ಯವನ್ನು ಮತ್ತೆ ಆಡಿಸಿದ್ದರ ಬಗ್ಗೆ ನನಗೆ ಮೊದಲು ಸಿಟ್ಟಿತ್ತು. ಹೆಣಗಳ ಪಕ್ಕದಲ್ಲಿ ಆಟವೇ ಎಂದು. ಆದರೆ ನಿಲ್ಲಿಸಿದರೆ 68,000 ಜನ ಒಮ್ಮೆಲೇ ಗೇಟಿಗೆ ನುಗ್ಗಿ ಇನ್ನಷ್ಟು ಸಾವಾದೀತೆಂದು ಅಧಿಕಾರಿಗಳು ಹೆದರಿದ್ದರು. ಮೈದಾನದ ಇನ್ನೊಂದು ತುದಿಯಲ್ಲಿದ್ದ ಬಹಳ ಜನಕ್ಕೆ ಏನಾಗಿದೆ ಎಂದೇ ತಿಳಿದಿರಲಿಲ್ಲ. 1971ರಲ್ಲಿ ಹೊರಡುವ ನೂಕಿನಲ್ಲೇ 66 ಜನ ಹೋದದ್ದನ್ನು ನೆನೆದರೆ ಆ ಹೆದರಿಕೆ ಸುಳ್ಳಲ್ಲ ಅನ್ನಿಸುತ್ತದೆ. ಸ್ಕಾಟ್ಲೆಂಡಿಗೆ ಬ್ರೌನ್, ಇಂಗ್ಲೆಂಡಿಗೆ ಸೆಟಲ್ ಗೋಲು ಹೊಡೆದರು. ಕಣ್ಣೆದುರು ಗಾಯಾಳುಗಳನ್ನು ಹೊತ್ತೊಯ್ಯುವುದನ್ನು ಕಂಡ ಆಟಗಾರರಿಗೆ ಆ ಗೋಲು ಗೋಲೆನಿಸಿರಲಿಕ್ಕಿಲ್ಲ.

ಸಂಜೆ ಹಿಂತಿರುಗುವಾಗ ಒಂದು ಟ್ಯಾಕ್ಸಿ. ಚಾಲಕ ಪಂಜಾಬಿ ಮೂಲದವನು, ಹುಟ್ಟಿದ್ದು ಇಲ್ಲೇ. "ಈ ಊರಲ್ಲಿ ಯಾರಾದರೂ ಯಾವ ತಂಡ ಅಂತ ಕೇಳಿದರೆ ಕ್ರಿಕೆಟ್ ಅಂದುಬಿಡಿ" ಎಂದು ಬುದ್ಧಿ ಹೇಳಿದ. ರೇಂಜರ್ಸ್ ನೀಲಿ, ಸೆಲ್ಟಿಕ್ ಹಸಿರು, ಜಗಳ ಧರ್ಮದವರೆಗೂ ಇಳಿದದ್ದು. ಪಂದ್ಯದ ದಿನ ಬಟ್ಟೆಯ ಬಣ್ಣ ನೋಡಿಕೊಂಡು ಹೊರಡಬೇಕು. ಆದರೆ ಅವನಿಗೆ ನಾನೊಂದು ವಿಷಯ ಹೇಳಿದೆ, ಅವನಿಗೆ ಅದು ಗೊತ್ತಿರಲಿಲ್ಲ. 1902ರ ದುರಂತದ ನಿಧಿಗಾಗಿ ರೇಂಜರ್ಸ್ ತಾನು ಹಿಂದಿನ ವರ್ಷ ಗೆದ್ದಿದ್ದ ಬೆಳ್ಳಿಯ ಕಪ್ಪನ್ನೇ ಪಣಕ್ಕಿಟ್ಟು ನಾಲ್ಕು ತಂಡಗಳ ಟೂರ್ನಮೆಂಟ್ ಮಾಡಿಸಿತು. ಜೂನ್ 17ರ ಫೈನಲ್‌ನಲ್ಲಿ ಸೆಲ್ಟಿಕ್ 3–2ರಿಂದ ಗೆದ್ದು ಆ ಕಪ್ಪು ಒಯ್ದಿತು. ಮೂರೂ ಗೋಲು ಜಿಮ್ಮಿ ಕ್ವಿನ್‌ನದು. ಆ ಕಪ್ಪು ಇವತ್ತಿಗೂ ಸೆಲ್ಟಿಕ್ ಹತ್ತಿರ ಇದೆ. ಚಾಲಕ ಕನ್ನಡಿಯಲ್ಲಿ ನನ್ನನ್ನೇ ನೋಡಿ, "ಸತ್ತವರಿಗೋಸ್ಕರ ಒಂದಾಗಿ ಆಡಿದ್ದರಾ?" ಅಂದ. ಹೌದು ಎಂದೆ.

ಮೂರನೆಯ ದಿನ: ಮೂರು ಹ್ಯಾಂಪ್ಡನ್‌ಗಳು

ಹೊಸ ಬೂಟು ಕೊಂಡದ್ದು, ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹಿಡಿದದ್ದು ಇಷ್ಟರಲ್ಲೇ ಮುಗಿಸುತ್ತೇನೆ. ಕ್ವೀನ್ಸ್ ಪಾರ್ಕ್ ಕ್ಲಬ್ಬಿನ ಮೈದಾನವಾದ ಹ್ಯಾಂಪ್ಡನ್ ಅಂದರೆ ಒಂದಲ್ಲ, ಮೂರು, ಒಂದಾದ ಮೇಲೊಂದು ಕಟ್ಟಿದವು. ಮೊದಲನೆಯದರ ಜಾಗದಲ್ಲಿ ಈಗ ಕ್ರಾಸ್‌ಹಿಲ್‌ನ ಬೌಲಿಂಗ್ ಕ್ಲಬ್, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟದ್ದು. ಗೋಡೆಯ ಮೇಲೆ 1882ರಲ್ಲಿ ಸ್ಕಾಟ್ಲೆಂಡ್ 5–1ರಿಂದ ಇಂಗ್ಲೆಂಡನ್ನು ಸೋಲಿಸಿದ ಚಿತ್ರ. ಅದರಲ್ಲಿ ಆಂಡ್ರ್ಯೂ ವಾಟ್ಸನ್ ಇದ್ದಾನೆ, ರಾಷ್ಟ್ರೀಯ ತಂಡಕ್ಕೆ ಆಡಿದ ಮೊದಲ ಕಪ್ಪುವರ್ಣದ ಆಟಗಾರ. ಹುಲ್ಲನ್ನು ಜಮಖಾನದ ಹಾಗೆ ಕತ್ತರಿಸಿದ್ದರು, ಕಾಲಿಡಲು ಮನಸ್ಸಾಗಲಿಲ್ಲ.

ಮೂರನೆಯದು ಈಗಿನ ಹ್ಯಾಂಪ್ಡನ್ ಪಾರ್ಕ್. 1903ರ ಅಕ್ಟೋಬರ್ 31ರಂದು ತೆರೆದದ್ದು, ಅಂದರೆ ಇಬ್ರಾಕ್ಸ್ ಮುರಿದ ಒಂದೂವರೆ ವರ್ಷಕ್ಕೆ. ಇಲ್ಲಿಯೂ ಲೀಚ್ ಕೈ ಇದೆ. ಆದರೆ ಇಲ್ಲಿ ಜನ ನಿಂತದ್ದು ಗಾಳಿಯಲ್ಲಿ ಎತ್ತಿದ ಹಲಗೆಯ ಮೇಲಲ್ಲ, ಮಣ್ಣಿನ ದಿಬ್ಬದ ಮೇಲೆ. 1937ರಲ್ಲಿ ಇಂಗ್ಲೆಂಡ್ ಎದುರಿನ ಪಂದ್ಯಕ್ಕೆ 1,49,000ಕ್ಕೂ ಹೆಚ್ಚು ಜನ ಬಂದಾಗಲೂ ಆ ದಿಬ್ಬ ಭಾರ ತಾಳಿತು. ಒಳಗಿನ ಸ್ಕಾಟಿಷ್ ಫುಟ್‌ಬಾಲ್ ಮ್ಯೂಸಿಯಂನಲ್ಲಿ 1872ರ ಪಂದ್ಯದ ಟಿಕೆಟ್ಟು ನೋಡಿದೆ. ಅಂಗೈಯಷ್ಟು ಕಾಗದ. ಅಲ್ಲಿ ಅರ್ಧ ದಿನ ಬೇಕು, ಬೆಳಿಗ್ಗೆಯೇ ಹೋಗಿ.

ಆದರೆ ಈ ಪ್ರವಾಸದಲ್ಲಿ ನನ್ನ ಮನಸ್ಸು ನಿಂತದ್ದು ಎರಡನೆಯ ಹ್ಯಾಂಪ್ಡನ್‌ನಲ್ಲಿ, ಈಗಿನ ಕ್ಯಾತ್‌ಕಿನ್ ಪಾರ್ಕಿನಲ್ಲಿ. 1903ರ ನಂತರ ಇದು ಥರ್ಡ್ ಲ್ಯಾನಾರ್ಕ್ ಎಂಬ ತಂಡದ ಮನೆಯಾಯಿತು. 1967ರಲ್ಲಿ ಆ ತಂಡವೇ ಮುಚ್ಚಿಹೋಯಿತು. ಮೈದಾನ ಮಾತ್ರ ಸಾರ್ವಜನಿಕ ಪಾರ್ಕಾಗಿ ಉಳಿದಿದೆ. ಟಿಕೆಟ್ಟಿಲ್ಲ, ಗೇಟಿಲ್ಲ. ಮೂರು ಕಡೆ ಮಣ್ಣಿನ ದಿಬ್ಬಕ್ಕೆ ಕೂರಿಸಿದ ಮೆಟ್ಟಿಲುಗಳು ಹಾಗೇ ಇವೆ, ಒರಗಿ ನಿಲ್ಲಲು ಕಬ್ಬಿಣದ ಅಡ್ಡಕಂಬಿಗಳೂ ಇವೆ. ನಡುನಡುವೆ ಮರಗಳು ಎದ್ದಿವೆ. ಮೆಟ್ಟಿಲಿನ ಸಂದಿಯಲ್ಲಿ ಬಿದ್ದ ಬೀಜ ಮೊಳೆತು ಎಪ್ಪತ್ತು–ಎಂಬತ್ತು ಅಡಿ ಹೋಗಿ, ಬೇರು ಮೆಟ್ಟಿಲನ್ನೇ ಎತ್ತಿ ಹಿಡಿದಿದೆ. ಜನ ನಿಲ್ಲುತ್ತಿದ್ದ ಕಡೆ ಈಗ ಮರಗಳು ಸಾಲಾಗಿ ನಿಂತು ಮೈದಾನವನ್ನು ನೋಡುತ್ತಿವೆ.

ನಾಯಿ ಕರೆದುಕೊಂಡು ಬಂದಿದ್ದ ಅಜ್ಜನೊಬ್ಬ ನಮ್ಮ ಪಕ್ಕದ ಮೆಟ್ಟಿಲಿನಲ್ಲಿ ಕೂತ. ಹುಡುಗನಾಗಿದ್ದಾಗ ಅಪ್ಪನ ಹೆಗಲೇರಿ ಇಲ್ಲೇ ಆಟ ನೋಡಿದವನಂತೆ. ತಾನು ನಿಲ್ಲುತ್ತಿದ್ದ ಕಂಬಿ ತೋರಿಸಿದ. ಅದರ ಮೇಲಂಚಿನಲ್ಲಿ ಕೈ ಉಜ್ಜಿ ಉಜ್ಜಿ ನುಣುಪಾದ ಜಾಗವಿತ್ತು. ನಾನು ಅಲ್ಲಿ ಕೈಯಿಟ್ಟೆ. ತಣ್ಣಗಿತ್ತು, ನನ್ನಪ್ಪನ ಕೀಸುಳಿಯ ಹಿಡಿಯಷ್ಟೇ ನುಣುಪು.

ಲೀಚ್ ವಿಚಾರ ಎತ್ತಿದೆ. ಗ್ಲಾಸ್ಗೋದವನು, ರೇಂಜರ್ಸ್ ಅಭಿಮಾನಿ. ಸಿಲೋನಿನಲ್ಲಿ ಟೀ ಕಾರ್ಖಾನೆಗಳ ವಿನ್ಯಾಸದಿಂದ ಕೆಲಸ ಶುರುಮಾಡಿದ್ದವನು. ಇಬ್ರಾಕ್ಸ್ ಆದಮೇಲೆ ಅವನ ಕತೆ ಮುಗಿಯಿತು ಅಂದುಕೊಳ್ಳಬೇಕು. ಆದರೆ ರೇಂಜರ್ಸ್ ಮತ್ತೆ ಅವನಿಗೇ ಕೆಲಸ ಕೊಟ್ಟಿತು. ಎತ್ತರದ ಮರದ ಗ್ಯಾಲರಿ ಬಿಟ್ಟು ಮಣ್ಣು, ಕಾಂಕ್ರೀಟಿಗೆ ಬಂದ. ಗುಂಪನ್ನು ತುಂಡುತುಂಡಾಗಿ ತಡೆಯುವ ಅಡ್ಡಕಂಬಿಗೆ ಪೇಟೆಂಟ್ ಪಡೆದ. ಓಲ್ಡ್ ಟ್ರಾಫರ್ಡ್, ಹೈಬರಿ, ಗುಡಿಸನ್ ಪಾರ್ಕ್, ಹೀಗೆ ಬ್ರಿಟನ್ನಿನ ಎಷ್ಟೋ ಮೈದಾನಗಳ ಹಿಂದೆ ಅವನಿದ್ದಾನೆ. ಅಜ್ಜ ಕೇಳಿಸಿಕೊಂಡು, "ಒಬ್ಬನ ತಪ್ಪನ್ನ ಅವನ ಕೈಯಲ್ಲೇ ಸರಿ ಮಾಡಿಸಿದರು ಅನ್ನಿ" ಅಂದ. ನಾಯಿ ಅವನನ್ನು ಎಳೆಯುತ್ತಿತ್ತು, ಎದ್ದು ಹೋದ. ನಾವು ಕತ್ತಲಾಗುವ ತನಕ ಅಲ್ಲೇ ಕೂತಿದ್ದೆವು. ಮಗಳು ಬೂಟಿನ ಹಿಮ್ಮಡಿಯಿಂದ ಮೆಟ್ಟಿಲನ್ನು ಒಮ್ಮೆ ಕುಟ್ಟಿ ನೋಡಿದಳು. ಅಟ್ಟ ಹತ್ತುವ ಮುನ್ನ ಅವಳಜ್ಜ ಮಾಡುತ್ತಿದ್ದುದೇ ಹಾಗೆ. ಅವಳು ಅಜ್ಜನನ್ನು ಕಂಡದ್ದು ಐದು ವರ್ಷದವರೆಗೆ ಮಾತ್ರ.

ನಾಲ್ಕನೆಯ ದಿನ: ಬರ್ಮಿಂಗ್‌ಹ್ಯಾಮ್

ಇಬ್ರಾಕ್ಸ್ ಪಂದ್ಯವನ್ನು ರದ್ದುಮಾಡಿ, 1902ರ ಮೇ 3ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ಮತ್ತೆ ಆಡಿಸಿದರು. ಬಂದ ಹಣ ಸಂತ್ರಸ್ತರ ನಿಧಿಗೆ. ನನಗೆ ಅಲ್ಲಿಂದಲೇ ಲಂಡನ್ನಿಗೆ ಹೋಗಿ ವಿಮಾನ ಹಿಡಿಯುವುದಿತ್ತು. ಮಗಳಿಗೆ ಕ್ಲಾಸು, ಹಾಗಾಗಿ ಒಬ್ಬನೇ ಹೊರಟೆ. ರೈಲಿನಲ್ಲಿ ನಾಲ್ಕು ಗಂಟೆ. ಹೋಗುವಾಗ ಬಲಗಡೆ ಕೂತರೆ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳು ಕಾಣುತ್ತವೆ. ಬುತ್ತಿಗೆ ಮಗಳು ಚಿತ್ರಾನ್ನ ಕಟ್ಟಿಕೊಟ್ಟಿದ್ದಳು.

ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ನಿಂದ ವಿಟನ್‌ಗೆ ಸಣ್ಣ ರೈಲು, ಇಳಿದು ನಾಲ್ಕು ಹೆಜ್ಜೆಗೆ ಮೈದಾನ. ಇಲ್ಲಿಯೂ 1920ರ ದಶಕದಲ್ಲಿ ಲೀಚ್ ಕಟ್ಟಿದ್ದ ಚೆಂದದ ಸ್ಟ್ಯಾಂಡ್ ಒಂದಿತ್ತು, 2000ದಲ್ಲಿ ಕೆಡವಿದರು. ಎದುರಿನ ದಿಬ್ಬದ ಮೇಲೆ 17ನೆಯ ಶತಮಾನದ ಆಸ್ಟನ್ ಹಾಲ್. ಅದರ ಹುಲ್ಲಿನಲ್ಲಿ ಕೂತು ಚಿತ್ರಾನ್ನ ಬಿಚ್ಚಿದೆ. ಅಪರೂಪದ ಬಿಸಿಲು. ಕೆಳಗೆ ಹತ್ತು–ಹನ್ನೆರಡು ಹುಡುಗರು ಬ್ಯಾಗುಗಳನ್ನೇ ಗೋಲುಕಂಬ ಮಾಡಿಕೊಂಡು ಆಡುತ್ತಿದ್ದರು. ಚೆಂಡು ನನ್ನ ಕಡೆ ಉರುಳಿ ಬಂತು, ಎದ್ದು ಒದ್ದೆ. "ಥ್ಯಾಂಕ್ಯೂ ಅಂಕಲ್" ಎಂದು ಒಬ್ಬ ಕೂಗಿದ.

ಆ ದಿನದ ಪಂದ್ಯ 2–2. ಸ್ಕಾಟ್ಲೆಂಡಿನ ಒಂದು ಗೋಲು ಬಾಬಿ ಟೆಂಪಲ್ಟನ್‌ನದು, ಯಾರ ಓಟ ನೋಡಲು ಜನ ಬಾಗಿದರೆಂದು ಹೇಳುತ್ತಾರೋ ಅವನದು. ದಾಖಲೆಯ ಪ್ರಕಾರ ಅವನು ದೇಶಕ್ಕೆ ಆಡಿದ ಮೊದಲ ಪಂದ್ಯವೇ ಇದು. ಇಬ್ರಾಕ್ಸ್‌ನಲ್ಲಿ ಅವನು ಆಡಿಯೇ ಇಲ್ಲ. ಅವತ್ತು ಅವನ ಕಿವಿಗೆ ಬಿದ್ದ ಸದ್ದು ಯಾವ ಲೆಕ್ಕದಲ್ಲಿದೆ?

ಮಗಳಿಗೆ ಮೈದಾನದ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಮೆಸೇಜು: "ಅಪ್ಪಾ, ಗಮನಿಸಿದೆಯಾ? ಮೊದಲ ದಿನ ನೋಡಿದ್ದು ಸೊನ್ನೆ–ಸೊನ್ನೆ. ಇವತ್ತಿನದು ಎರಡು–ಎರಡು. ನಡುವಿನದನ್ನ ತೆಗೆದುಹಾಕಿದರೆ ಲೆಕ್ಕ ಕೂಡಲ್ಲ."

ಜೇಬಿನಿಂದ ಡೈರಿ ತೆಗೆದು ಮೊಣಕಾಲಿನ ಮೇಲಿಟ್ಟು ಬರೆದೆ.

1872 ನವೆಂಬರ್ 30, ಪಾರ್ಟಿಕ್, 0–0.
1902 ಏಪ್ರಿಲ್ 5, ಇಬ್ರಾಕ್ಸ್, 1–1.
1902 ಮೇ 3, ವಿಲ್ಲಾ ಪಾರ್ಕ್, 2–2.

ನಡುವಿನ ಸಾಲಿನ ಮುಂದೆ 25 ಎಂದು ಬರೆದು, ಆಸ್ಟನ್‌ನ ದಿಬ್ಬ ಇಳಿದು ಸ್ಟೇಷನ್ನಿನ ಕಡೆ ನಡೆದೆ.